ಐವತ್ತು ವ್ಯಾಟ್, ಇಕ್ಕಟ್ಟಾದ ಓಣಿ

ಈ ಸಲ ಉತ್ತರಕ್ಕೆ ಎತ್ತಿಕೊಂಡ ಪತ್ರಗಳೆಲ್ಲ ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದಿನವು. ಎಲ್ಲವೂ ವಾಲ್ವ್ ಆಂಪ್ಲಿಫೈಯರಿನ ಸುತ್ತಲೇ ಇವೆ. ಓದುಗರ ಮಾತನ್ನು ಅವರದೇ ಧಾಟಿಯಲ್ಲಿ ಬಿಟ್ಟಿದ್ದೇನೆ.

ಪ್ರಶ್ನೆ: ಶರಣು ಸರ್. ನಮ್ಮ ಮನಿ ಬಸವಕಲ್ಯಾಣದ ಕೋಟಿ ಹತ್ರ ಹಳೇ ಓಣ್ಯಾಗ ಅದ. ಭಾನುವಾರ ಚರ್ಚ್‌ನ್ಯಾಗ, ಮದುವಿ ಸೀಸನ್ ಬಂದ್ರ ಆರ್ಕೆಸ್ಟ್ರಾದಾಗ ಗಿಟಾರ್ ಬಾರಿಸ್ತೀನಿ. ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ 50 ವ್ಯಾಟಿನ ವಾಲ್ವ್ ಆಂಪ್ ತಂದೀನಿ, ಜೋಡಿಗೆ ನಾಕು ಸ್ಪೀಕರಿನ ಪೆಟ್ಟಿಗಿ. ಸ್ಟೇಜ್ ಮ್ಯಾಲ ಭಾಳ ಛಲೋ ಕೇಳ್ತದ. ಮನ್ಯಾಗ ವಾಲ್ಯೂಮ್ ಒಂದಕ್ಕ ಇಟ್ರ ಜೀವಾನೇ ಇಲ್ಲ, ಎರಡಕ್ಕ ತಿರುವಿದ್ರ ಮಗ್ಗಲ ಮನಿಯವರು ಬಾಗಿಲು ಬಡೀತಾರ. ಇದಕ್ಕ ಏನಾರ ಹಾದಿ ಅದ ಏನ್ ಸರ್?
— ಗಿಟಾರ್ ವಾದಕ, ಬಸವಕಲ್ಯಾಣ

ಉತ್ತರ: ಹಾದಿ ಇದೆ ತಮ್ಮಾ. ಆದರೆ ಮೊದಲು ಲೆಕ್ಕ ನೋಡು, ಅರ್ಧ ಉತ್ತರ ಅದರಲ್ಲೇ ಇದೆ.

ಗಿಟಾರ್ ಸ್ಪೀಕರುಗಳು ಬಹಳ ಚುರುಕು. ಸೆಲೆಶನ್ ಕಂಪನಿಯ ವಿಂಟೇಜ್ 30 ಎಂಬ ಸ್ಪೀಕರಿಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 100 ಡೆಸಿಬೆಲ್ ಸದ್ದು ಬರುತ್ತದೆ. ವ್ಯಾಟ್ ಹತ್ತು ಪಟ್ಟು ಇಳಿದಾಗ ಸದ್ದು 10 ಡೆಸಿಬೆಲ್ ಇಳಿಯುತ್ತದೆ, ಕಿವಿಗೆ ಅದು ಸುಮಾರು ಅರ್ಧವಾದಂತೆ ತೋರುತ್ತದೆ. ಹಾಗೆ ಇಳಿಸುತ್ತಾ ಹೋಗು: ವ್ಯಾಟಿನ ಹತ್ತನೇ ಒಂದು ಭಾಗಕ್ಕೆ 90, ನೂರನೇ ಒಂದು ಭಾಗಕ್ಕೆ 80, ಸಾವಿರದಲ್ಲಿ ಒಂದು ಭಾಗಕ್ಕೆ 70. ಇಬ್ಬರು ಎದುರುಬದುರು ಕೂತು ಆಡುವ ಮಾತು 60 ಡೆಸಿಬೆಲ್ ಆಸುಪಾಸಿನದು. ಮನೆಯಲ್ಲಿ ನಿನಗೆ ಬೇಕಿರುವುದು 70 ಅಥವಾ 75. ಅಷ್ಟಕ್ಕೆ ಒಂದು ವ್ಯಾಟಿನ ಸಾವಿರದಲ್ಲಿ ಒಂದೋ ಮೂರೋ ಭಾಗ ಸಾಕು. ನಿನ್ನ ಆಂಪು ಅದಕ್ಕಿಂತ ಹತ್ತಾರು ಸಾವಿರ ಪಟ್ಟು ದೊಡ್ಡದು. ವಾಲ್ಯೂಮ್ ನಾಬಿನ ಒಂದು ಮತ್ತು ಎರಡರ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ನಿನ್ನ ಮನೆಯೂ ನೆರೆಮನೆಯೂ ಸಿಕ್ಕಿಕೊಂಡಿರುವುದು ಇದಕ್ಕೇ.

ಇನ್ನು ಜೀವವಿಲ್ಲ ಎಂದೆಯಲ್ಲ, ಅದಕ್ಕೆ ಎರಡು ಕಾರಣ. ಒಂದು ನಿನ್ನ ಕಿವಿಯಲ್ಲೇ ಇದೆ. ಸದ್ದು ಸಣ್ಣದಾದಾಗ ಮನುಷ್ಯರ ಕಿವಿ ಮಂದ್ರವನ್ನು ಬಹಳ ಕಡಿಮೆ ಕೇಳುತ್ತದೆ, ತೀರಾ ಮೇಲಿನ ಸ್ವರಗಳನ್ನೂ ತುಸು ಕಳೆದುಕೊಳ್ಳುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ಗೆರೆ ಎಳೆದು ತೋರಿಸಿದ್ದಾರೆ. ಸ್ಟೇಜಿನ ಮೇಲೆ ಕೂಡಿಸಿಟ್ಟ ಬಾಸ್, ಮಿಡ್, ಟ್ರೆಬಲ್ ಮನೆಯಲ್ಲಿ ಹೊಂದುವುದಿಲ್ಲ. ಮನೆಯಲ್ಲಿ ಬಾಸನ್ನು ಎರಡು ಗೆರೆ ಏರಿಸು, ಟ್ರೆಬಲನ್ನು ಒಂದು. ಸ್ಟೇಜಿಗೆ ಹೋದಾಗ ಮರೆಯದೆ ಇಳಿಸು, ಇಲ್ಲದಿದ್ದರೆ ಅಲ್ಲಿ ಬಾಸ್ ಗಿಟಾರಿನ ಜಾಗವನ್ನೆಲ್ಲ ನೀನೇ ತಿಂದುಬಿಡುತ್ತೀಯ.

ಎರಡನೆಯ ಕಾರಣ ಆಂಪಿನೊಳಗಿದೆ. ನಾವು ಮೆಚ್ಚುವ ಆ ಒರಟು ನಾದ ಒಂದೇ ಕಡೆ ಹುಟ್ಟುವುದಿಲ್ಲ. ಮುಂದಿನ ಸಣ್ಣ ವಾಲ್ವುಗಳು (ಸಾಮಾನ್ಯವಾಗಿ 12ಎಎಕ್ಸ್7), ಹಿಂದಿನ ದೊಡ್ಡ ಪವರ್ ವಾಲ್ವುಗಳು (ಇಎಲ್34 ಅಥವಾ 6ಎಲ್6), ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರಿನ ಕಾಗದದ ಕೋನ್ ಎಲ್ಲವೂ ತಮ್ಮ ತಮ್ಮ ಮಿತಿಗೆ ಬಂದಾಗ ಸ್ವರವನ್ನು ಒಂದಿಷ್ಟು ಬಾಗಿಸುತ್ತವೆ. ಮುಂದಿನ ವಾಲ್ವು ದುಡಿಯುವುದಕ್ಕೂ ಸದ್ದಿಗೂ ಸಂಬಂಧ ಇರಲೇಬೇಕೆಂದಿಲ್ಲ. ಪವರ್ ವಾಲ್ವ್ ಮತ್ತು ಕೋನ್ ದುಡಿಯಬೇಕಾದರೆ ಸದ್ದು ಬಂದೇ ಬರುತ್ತದೆ. ಆದ್ದರಿಂದ ಸದ್ದು ಇಳಿಸುವುದು ಹೇಗೆ ಎಂದು ಕೇಳುವ ಮುಂಚೆ, ಇವುಗಳಲ್ಲಿ ಯಾವುದು ದುಡಿಯುವ ನಾದ ನಿನಗೆ ಇಷ್ಟ ಎಂದು ಕೇಳಿಕೋ. ಮುಂದಿನ ದಾರಿ ಅದರ ಮೇಲೆ ನಿಂತಿದೆ.

ಆಂಪಿನ ಮುಂಭಾಗ ನೋಡು. 'ಗೇನ್' ಮತ್ತು 'ಮಾಸ್ಟರ್' ಎಂದು ಎರಡು ನಾಬ್ ಇದ್ದರೆ ನಿನ್ನ ಅದೃಷ್ಟ. ಮಾರ್ಷಲ್ ಕಂಪನಿ 1975ರಲ್ಲಿ ಮಾಸ್ಟರ್ ವಾಲ್ಯೂಮ್ ಇರುವ ಮಾದರಿಗಳನ್ನು ಹೊರತಂದದ್ದು ನಿನ್ನಂಥವರ ಈ ಕಷ್ಟಕ್ಕಾಗಿಯೇ. ಗೇನ್ ಏರಿಸಿದರೆ ಸಣ್ಣ ವಾಲ್ವು ಬಿಸಿಯಾಗಿ ದುಡಿಯುತ್ತದೆ, ಮಾಸ್ಟರ್ ಇಳಿಸಿದರೆ ದೊಡ್ಡವು ಸುಮ್ಮನಿರುತ್ತವೆ. ಆಂಪಿನ ಹಿಂದೆ 'ಸೆಂಡ್', 'ರಿಟರ್ನ್' ಎಂಬ ತೂತುಗಳಿದ್ದು, ಅದು ಪೂರ್ಣ ಸಿಗ್ನಲ್ ಹಾಯುವ ಸೀರೀಸ್ ಲೂಪ್ ಆಗಿದ್ದರೆ, ಅವೆರಡರ ನಡುವೆ ಒಂದು ವಾಲ್ಯೂಮ್ ಪೆಡಲ್ ಸಿಕ್ಕಿಸು. ಆಗ ಆಂಪಿನ ಮಾಸ್ಟರನ್ನು ಮೂರಕ್ಕೋ ನಾಲ್ಕಕ್ಕೋ ತಂದು, ಸದ್ದನ್ನು ಪೆಡಲಿನಲ್ಲಿ ನಿಧಾನವಾಗಿ ಅಳೆದು ಹಾಕಬಹುದು. ಆ ಕೂದಲೆಳೆ ಜಾಗ ಅಂಗೈಯಗಲ ಆಗುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಇನ್ನೊಂದು ಉಪಾಯ ನನಗೆ ಗೊತ್ತಿಲ್ಲ. ಎರಡೂ ಇಲ್ಲದ ಹಳೆಯ ಮಾದರಿಯಾದರೆ ಆಂಪನ್ನು ಸ್ವಚ್ಛ ನಾದಕ್ಕೆ ಇಟ್ಟು, ಒರಟುತನವನ್ನು ಓವರ್‌ಡ್ರೈವ್ ಪೆಡಲಿನಿಂದ ತೆಗೆದುಕೋ.

ಅಟೆನ್ಯುಯೇಟರ್ ಬಗ್ಗೆಯೂ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ನಿನಗೆ ಅದನ್ನೇ ಹೇಳುತ್ತಾರೆ. ಆಂಪಿಗೂ ಸ್ಪೀಕರಿಗೂ ನಡುವೆ ಕೂತು ಶಕ್ತಿಯನ್ನು ಶಾಖವಾಗಿ ಹೀರಿಕೊಳ್ಳುವ ಪೆಟ್ಟಿಗೆ ಅದು. 50 ವ್ಯಾಟನ್ನು ಒಂದು ವ್ಯಾಟಿಗೆ ಇಳಿಸಿದರೂ ಕಡಿಮೆಯಾಗುವುದು 17 ಡೆಸಿಬೆಲ್ ಮಾತ್ರ. ಮೇಲಿನ ಲೆಕ್ಕ ನೆನಪಿಸಿಕೋ, ಆಗಲೂ 100 ಡೆಸಿಬೆಲ್ ಉಳಿಯುತ್ತದೆ. ಅದಕ್ಕಿಂತ ಆಳಕ್ಕೆ ಇಳಿಸಿದರೆ ಸಾಮಾನ್ಯ ರೆಸಿಸ್ಟರ್ ಪೆಟ್ಟಿಗೆಗಳಲ್ಲಿ ನಾದ ಮಂಕಾಗುತ್ತದೆ. ಸ್ಪೀಕರಿನ ಅಡ್ಡಿ ಎಲ್ಲ ಸ್ವರಗಳಿಗೂ ಒಂದೇ ಅಲ್ಲ, ಮಂದ್ರದ ಒಂದು ಜಾಗದಲ್ಲೂ ತಾರದಲ್ಲೂ ಅದು ಏರುತ್ತದೆ. ಆ ಏರಿಳಿತವನ್ನು ಅನುಕರಿಸುವ 'ರಿಯಾಕ್ಟಿವ್ ಲೋಡ್' ಇದ್ದರೆ ಆಂಪಿನ ನಾದ ಹೆಚ್ಚು ಉಳಿಯುತ್ತದೆ, ಆದರೆ ದುಬಾರಿ. ಅದರಿಂದ ಹೆಡ್‌ಫೋನಿಗೆ ಹೋಗುವ ಸೌಕರ್ಯವಿದ್ದರೆ ರಾತ್ರಿ ರಿಯಾಜಿಗೆ ಅದಕ್ಕಿಂತ ಒಳ್ಳೆಯದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಲೂಪಿನ ವಾಲ್ಯೂಮ್ ಪೆಡಲ್. ಒಂದು ತಿಂಗಳು ಅದರಲ್ಲಿ ಬಾರಿಸಿ ನೋಡು. ಮನಸ್ಸು ತುಂಬದಿದ್ದರೆ ಮಾತ್ರ ದೊಡ್ಡ ಹಣ ತೆಗೆ.

ಪ್ರಶ್ನೆ: ಸರ್, ಸ್ಪೀಕರ್ ವೈರ್ ತೆಗೆದುಬಿಟ್ಟು, ಹಿಂದಿನ ಲೈನ್ ಔಟ್‌ನಿಂದ ಹೆಡ್‌ಫೋನಿಗೆ ಹಾಕ್ಕೊಂಡ್ರ ನಡೀತದ ಏನು? ಇನ್ನೊಬ್ಬರು ಎರಡು ವಾಲ್ವ್ ಕಿತ್ತು ಹಾಕು, ಸದ್ದು ಅರ್ಧ ಆಗ್ತದ ಅಂದ್ರು.
— ವಿದ್ಯಾರ್ಥಿ, ಹುಮನಾಬಾದ್

ಉತ್ತರ: ಮೊದಲನೆಯದನ್ನು ಖಂಡಿತ ಮಾಡಬೇಡ. ವಾಲ್ವ್ ಆಂಪಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಸ್ಪೀಕರಿನ ಹೊರೆ ಇರಲೇಬೇಕು. ಹೊರೆ ಇಲ್ಲದೆ ಬಾರಿಸಿದರೆ ಟ್ರಾನ್ಸ್‌ಫಾರ್ಮರಿನ ಒಳಸುತ್ತಿನಲ್ಲಿ ಸಾವಿರಾರು ವೋಲ್ಟ್ ಎದ್ದು ಇನ್ಸುಲೇಷನ್ ಸುಟ್ಟುಹೋಗುತ್ತದೆ, ಇಲ್ಲವೇ ವಾಲ್ವಿನ ಬುಡದಲ್ಲಿ ಕಿಡಿ ಹಾರುತ್ತದೆ. ಇಡೀ ಆಂಪಿನ ಅತಿ ದುಬಾರಿ ಭಾಗಗಳಲ್ಲಿ ಆ ಟ್ರಾನ್ಸ್‌ಫಾರ್ಮರ್ ಒಂದು. ಸ್ಪೀಕರ್ ಅಥವಾ ಅದರ ಬದಲಿಗೆ ಲೋಡ್ ಪೆಟ್ಟಿಗೆ, ಎರಡರಲ್ಲಿ ಒಂದು ಸದಾ ಇರಬೇಕು. ಟ್ರಾನ್ಸಿಸ್ಟರ್ ಆಂಪಿನಲ್ಲಿ ಸ್ಪೀಕರ್ ತೆಗೆದರೂ ಏನೂ ಆಗದ್ದರಿಂದ ಬಹಳ ಜನ ಇಲ್ಲಿ ಮೋಸ ಹೋಗುತ್ತಾರೆ.

ವಾಲ್ವ್ ಕೀಳುವುದು 100 ವ್ಯಾಟಿನ, ನಾಲ್ಕು ಪವರ್ ವಾಲ್ವಿನ ಆಂಪಿಗೆ ಹೇಳಿದ ಮಾತು. ಅಲ್ಲಿ ಹೊರಗಿನ ಎರಡನ್ನೋ ಒಳಗಿನ ಎರಡನ್ನೋ ತೆಗೆದು, ಹಿಂದಿನ ಓಮ್ಸ್ ಸ್ವಿಚ್ಚನ್ನು ಸ್ಪೀಕರ್ ಪೆಟ್ಟಿಗೆಯ ಅರ್ಧಕ್ಕೆ ಇಡುತ್ತಾರೆ: ಪೆಟ್ಟಿಗೆ 16 ಓಮ್ ಇದ್ದರೆ ಸ್ವಿಚ್ 8ಕ್ಕೆ. ಇಷ್ಟೆಲ್ಲ ಮಾಡಿ ಸಿಗುವುದು 3 ಡೆಸಿಬೆಲ್ ಇಳಿಕೆ. ವ್ಯಾಟು ಅರ್ಧವಾಗುತ್ತದೆ, ಸದ್ದು ಅರ್ಧವಾಗುವುದಿಲ್ಲ. ನಿನ್ನ ಆಂಪಿನಲ್ಲಿ ಎರಡೇ ಪವರ್ ವಾಲ್ವ್ ಇದ್ದರೆ ಕೈ ಹಾಕಲೇಬೇಡ.

ಪ್ರಶ್ನೆ: ನಮಸ್ಕಾರ. ನಮ್ಮ ಭಜನಿ ಮೇಳದಾಗ ಹಳೇ ವಾಲ್ವ್ ಮಷಿನ್ ಒಂದು ಅದ, ಮೊದಲೆಲ್ಲ ಹಾರ್ನ್ ಕಟ್ಟಿ ಹಚ್ಚತಿದ್ದರು. ಈಗ ಮೂಲ್ಯಾಗ ಬಿದ್ದದ. ನಮ್ಮ ತಮ್ಮ ಅದಕ್ಕ ಗಿಟಾರ್ ಹಚ್ಚಿ ನೋಡಿದ, ನಾದ ಭಾಳ ಮೆತ್ತಗ, ಸವಿ ಅನಿಸ್ತು. ಖರೇ ಆದ್ರ ಗುಂಯ್ ಅಂತ ಒಂದೇ ಸಮ ಸದ್ದು ಬರ್ಲತ್ತದ. ಮುಟ್ಟಿದ್ರ ಸಣ್ಣಗ ಕರೆಂಟ್ ಹೊಡದಂಗ ಆಗ್ತದ. ರಿಪೇರಿ ಮಾಡಿಸಬೇಕೋ, ಗುಜರಿಗೆ ಹಾಕಬೇಕೋ?
— ಭಜನಾ ಮೇಳದವರು, ಮಾಣಿಕನಗರದ ಸಮೀಪ, ಹುಮನಾಬಾದ್

ಉತ್ತರ: ಗುಜರಿಗೆ ಹಾಕಬೇಡಿ ಅಣ್ಣಾ, ನಿಮಗೆ ಕೈ ಮುಗಿಯುತ್ತೇನೆ. ಆದರೆ ರಿಪೇರಿ ಆಗುವವರೆಗೆ ಯಾರೂ ಮುಟ್ಟಕೂಡದು. ಕರೆಂಟ್ ಹೊಡೆದಂತೆ ಆಗುತ್ತದೆ ಎಂದಿರಲ್ಲ, ಅದು ಸಣ್ಣ ಮಾತಲ್ಲ. ಗಿಟಾರಿನ ತಂತಿ ಆಂಪಿನ ಲೋಹದ ಮೈಗೆ ಸೇರಿಕೊಂಡಿರುತ್ತದೆ. ಬೆರಳು ತಂತಿಯ ಮೇಲೆ, ತುಟಿ ಬೇರೆ ಮಷಿನಿನ ಮೈಕಿಗೆ ತಗಲಿದರೆ ಆ ಕರೆಂಟ್ ಎದೆಯ ಮೂಲಕ ಹಾಯುತ್ತದೆ. ಹಳೆಯ ಎರಡು ಪಿನ್ನಿನ ವೈರ್ ತೆಗೆಸಿ ಮೂರು ಪಿನ್ ಹಾಕಿಸಿ, ಆಂಪಿನ ಮೈಗೆ ಅರ್ಥ್ ತಂತಿಯನ್ನು ಭದ್ರವಾಗಿ ಬಿಗಿಸಿ. ಜೊತೆಗೆ ಕಟ್ಟಡದ ಅರ್ಥಿಂಗ್ ನಿಜವಾಗಿ ಇದೆಯೋ ನೋಡಿಸಿ. ನಿಮ್ಮ ಕಡೆ ಏಪ್ರಿಲ್, ಮೇ ಹೊತ್ತಿಗೆ ನೆಲ ಪೂರಾ ಒಣಗುತ್ತದೆ. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಆಗ ನೀರು ಹಾಕದಿದ್ದರೆ ಪಿನ್ ಮೂರಿದ್ದೂ ಪ್ರಯೋಜನವಿಲ್ಲ.

ಗುಂಯ್ ಸದ್ದು ಎಲ್ಲಿಂದ ಬರುತ್ತದೆಂದು ಗಿಟಾರಿನಿಂದಲೇ ಪತ್ತೆ ಹಚ್ಚಬಹುದು. ಇದನ್ನು ಅರ್ಥ್ ಸರಿಯಾದ ಮೇಲೆ ಮಾಡಿ. ಗಿಟಾರನ್ನು ಸರಿಯಾಗಿ ಶ್ರುತಿ ಮಾಡಿ, ಮಷಿನಿನಿಂದ ಅದರ ವೈರ್ ಕಿತ್ತುಬಿಡಿ. ಈಗ ದಪ್ಪ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಿ. ಆ ಸ್ವರ 98 ಹರ್ಟ್ಸ್. ಗುಂಯ್ ಸದ್ದು ಅದಕ್ಕೆ ಹತ್ತಿರ ಹತ್ತಿರ ಕೂಡಿದರೆ ಅದು 100 ಹರ್ಟ್ಸಿನದು. ವಿದ್ಯುತ್ತನ್ನು ಡಿಸಿಗೆ ತಿರುಗಿಸಿದ ಮೇಲೆ ಅದರ ಅಲುಗಾಟವನ್ನು ನುಂಗಬೇಕಾದ ಫಿಲ್ಟರ್ ಕೆಪ್ಯಾಸಿಟರುಗಳು ಒಣಗಿಹೋಗಿವೆ ಎಂದರ್ಥ. ನಿಮ್ಮ ಮಷಿನಿನ ವಯಸ್ಸಿಗೆ ಇದೇ ಆಗಿರುವ ಸಂಭವ ಹೆಚ್ಚು. ಗುಂಯ್ ಸದ್ದು ಒಂದು ಸ್ಥಾಯಿ ಕೆಳಗೆ ಕೇಳಿದರೆ ಅದು 50 ಹರ್ಟ್ಸ್, ದೋಷ ಅರ್ಥ್ ಜೋಡಣೆಯಲ್ಲೋ ವಾಲ್ವಿನ ಹೀಟರ್ ತಂತಿಯಲ್ಲೋ ಇದೆ. ಗಿಟಾರ್ ಸಿಕ್ಕಿಸಿದಾಗ ಮಾತ್ರ ಬರುವುದಾದರೆ ದೋಷ ಮಷಿನಿನದಲ್ಲ, ಗಿಟಾರಿನ ಪಿಕಪ್ಪಿನದು ಅಥವಾ ವೈರಿನದು. ಹಾರ್ಮೋನಿಯಂ ನುಡಿಸುವ ಕಿವಿ ನಿಮ್ಮ ಮೇಳದಲ್ಲಿ ಇದ್ದೇ ಇರುತ್ತದೆ, ಈ ಪರೀಕ್ಷೆಗೆ ಅಷ್ಟು ಸಾಕು.

ರಿಪೇರಿಯನ್ನು ಮಾತ್ರ ವಾಲ್ವ್ ರೇಡಿಯೋ ಕಾಲದ ಮೇಸ್ತ್ರಿಯಿಂದಲೇ ಮಾಡಿಸಿ. ಒಳಗೆ 300ರಿಂದ 450 ವೋಲ್ಟ್ ಓಡುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರಿನಲ್ಲಿ ಅದು ಉಳಿದಿರಬಹುದು. ಮೀಟರ್ ಹಿಡಿದು ಇಳಿದದ್ದು ಖಾತ್ರಿಯಾಗದೆ ಬಲ್ಲವರೂ ಒಳಗೆ ಬೆರಳಿಡುವುದಿಲ್ಲ.

ಇನ್ನೊಂದು ವಿಷಯ. ಹಾರ್ನ್ ಹಚ್ಚುತ್ತಿದ್ದ ಇಂಥ ಮಷಿನುಗಳ ಹಿಂದೆ '100 ವೋಲ್ಟ್ ಲೈನ್' ಎಂಬ ತಿರುಪು ಇರುತ್ತದೆ. ದೂರದ ಹಾರ್ನುಗಳಿಗೆ ಉದ್ದದ ವೈರ್ ಎಳೆಯಲು ಮಾಡಿದ್ದು ಅದು. ಗಿಟಾರ್ ಸ್ಪೀಕರನ್ನು ಅದಕ್ಕೆ ಜೋಡಿಸಬೇಡಿ, 8 ಅಥವಾ 16 ಓಮ್ ಎಂದು ಬರೆದ ತಿರುಪಿಗೇ ಜೋಡಿಸಿ. ಸ್ಪೀಕರನ್ನು ಹಲಗೆಯ ತೆರೆದ ಪೆಟ್ಟಿಗೆಯಲ್ಲಿ ಕೂರಿಸಿ. ಹಾರ್ನು ಮಾತಿನ ಸ್ವರಗಳನ್ನು ದೂರ ಒಯ್ಯಲು ಮಾಡಿದ್ದು, ಗಿಟಾರಿನ ಮಂದ್ರ ಅದರಲ್ಲಿ ಬರುವುದೇ ಇಲ್ಲ.

ನಿಮ್ಮ ತಮ್ಮನಿಗೆ ಸವಿ ಎನಿಸಿದ್ದು ಸುಳ್ಳಲ್ಲ. ಮೈಕಿಗಾಗಿ ಮಾಡಿದ ಈ ಆಂಪುಗಳೂ ಹಳೆಯ ಗಿಟಾರ್ ಆಂಪುಗಳೂ ಒಳಗಿನ ರಚನೆಯಲ್ಲಿ ತೀರಾ ಹತ್ತಿರದ ನೆಂಟರು. ಒಳಗಿನ ವಾಲ್ವುಗಳ ಮೇಲೆ 'ಬಿಇಎಲ್' ಎಂದು ಬರೆದಿದೆಯೋ ನೋಡಿ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ ಮುಂದೆ ರೇಡಿಯೋ ವಾಲ್ವುಗಳನ್ನೂ ತಯಾರಿಸಿತು. ಇಸಿಸಿ83, ಇಎಲ್84 ಎಂಬ ಅವರ ವಾಲ್ವುಗಳನ್ನು ಇವತ್ತು ಹೊರದೇಶದ ಗಿಟಾರ್ ವಾದಕರು ಹುಡುಕಿ ಕೊಳ್ಳುತ್ತಾರೆ. ಇಸಿಸಿ83 ಎಂದರೆ 12ಎಎಕ್ಸ್7ದೇ ಯುರೋಪಿನ ಹೆಸರು. ಹಾಳಾಗಿದೆ ಎಂದು ಯಾರಾದರೂ ತೆಗೆದರೆ ಹಳೆಯದನ್ನು ಕೇಳಿ ವಾಪಸ್ ಪಡೆಯಿರಿ, ಎಷ್ಟೋ ಸಲ ಅದು ಚೆನ್ನಾಗಿಯೇ ಇರುತ್ತದೆ. ಮಾಣಿಕಪ್ರಭುಗಳ ಸನ್ನಿಧಿಯ ಸುತ್ತ ಭಜನೆ, ಸಂಗೀತ ಇಷ್ಟು ಕಾಲ ಉಳಿದು ಬಂದಿರುವ ಊರಿನಲ್ಲಿ ಹಾಡಿಗೆ ದುಡಿದ ಯಂತ್ರವೂ ಉಳಿಯಲಿ ಎಂಬುದು ನನ್ನ ಆಸೆ.

ಪ್ರಶ್ನೆ: ದುಬೈಯಲ್ಲಿರುವ ಅಣ್ಣ ಅಮೆರಿಕದ 120 ವೋಲ್ಟಿನ ವಾಲ್ವ್ ಆಂಪ್ ತಂದುಕೊಟ್ಟಿದ್ದಾನೆ. ನಮ್ಮಲ್ಲಿ ಲೈನ್ ಕೆಲವೊಮ್ಮೆ 200ಕ್ಕೆ ಇಳಿಯುತ್ತದೆ, ರಾತ್ರಿ 250 ದಾಟುತ್ತದೆ. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೆ ಹಚ್ಚಬಹುದೇ?
— ಶಿಕ್ಷಕ, ಹುಮನಾಬಾದ್

ಉತ್ತರ: ಹಾಗೇ ನಮ್ಮ ಪ್ಲಗ್ಗಿಗೆ ಸಿಕ್ಕಿಸಿಲ್ಲ ತಾನೇ? ಸಿಕ್ಕಿಸಿಲ್ಲವೆಂದು ನಂಬಿ ಬರೆಯುತ್ತೇನೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಆಂಪಿನ ಹಿಂದೆ ಬರೆದಿರುವ ವ್ಯಾಟಿನ ಎರಡರಷ್ಟು ಸಾಮರ್ಥ್ಯದ್ದು ತೆಗೆದುಕೊಳ್ಳಿ. ಅಷ್ಟಕ್ಕೇ ನಿಲ್ಲಬೇಡಿ, ಆಂಪಿನ ಫಲಕದಲ್ಲಿ '50/60 ಹರ್ಟ್ಸ್' ಎಂದಿದೆಯೋ ಓದಿ. ಬರೀ 60 ಎಂದಿದ್ದರೆ ನಮ್ಮ 50 ಹರ್ಟ್ಸಿನಲ್ಲಿ ಅದರ ಪವರ್ ಟ್ರಾನ್ಸ್‌ಫಾರ್ಮರ್ ಹೆಚ್ಚು ಕಾಯುತ್ತದೆ. ಸ್ಟೆಪ್‌ಡೌನ್ ವೋಲ್ಟ್ ಇಳಿಸುತ್ತದೆಯೇ ಹೊರತು ಹರ್ಟ್ಸ್ ಬದಲಿಸುವುದಿಲ್ಲ. ಅಂಥ ಆಂಪನ್ನು ಬೇಸಿಗೆಯ ಮಧ್ಯಾಹ್ನ ಗಂಟೆಗಟ್ಟಲೆ ಹಚ್ಚಿಡುವುದು ಬೇಡ.

ಲೈನಿನ ಏರಿಳಿತ ವಾಲ್ವಿಗೆ ನೇರವಾಗಿ ತಟ್ಟುತ್ತದೆ. ವಾಲ್ವಿನ ಹೀಟರಿಗೆ 6.3 ವೋಲ್ಟ್ ಬೇಕು, ಶೇಕಡಾ 10ರಷ್ಟು ಆಚೀಚೆ ಸಹಿಸುತ್ತದೆ. ಲೈನ್ 230ರ ಬದಲು 200 ಇದ್ದರೆ ಹೀಟರಿಗೆ ಸುಮಾರು 5.5 ಸಿಗುತ್ತದೆ, ನಾದ ಸೋತಂತಾಗುತ್ತದೆ. 260ಕ್ಕೆ ಏರಿದರೆ 7.1 ಆಗುತ್ತದೆ, ಒಳಗಿನ 450 ವೋಲ್ಟ್ 500 ದಾಟುತ್ತದೆ. 500ಕ್ಕೆಂದು ಮಾಡಿದ ಕೆಪ್ಯಾಸಿಟರ್ ಅಲ್ಲಿ ಸಿಡಿಯಬಹುದು. ಆದ್ದರಿಂದ ಸರ್ವೋ ಸ್ಟೆಬಿಲೈಜರ್ ಮೊದಲು, ಅದರ ನಂತರ ಸ್ಟೆಪ್‌ಡೌನ್, ಆಮೇಲೆ ಆಂಪ್. ರಿಲೇ ಟಕ್ ಟಕ್ ಎನ್ನುವ ಅಗ್ಗದ ಸ್ಟೆಬಿಲೈಜರ್ ಬೇಡ, ಬಾರಿಸುತ್ತಿರುವಾಗಲೇ ವೋಲ್ಟ್ ಹಾರುತ್ತದೆ.

ಇನ್ವರ್ಟರ್ ಶುದ್ಧ ಸೈನ್ ವೇವ್ ಆಗಿದ್ದರೆ ಮಾತ್ರ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಟ್ರಾನ್ಸ್‌ಫಾರ್ಮರ್ ಗರ್ ಎನ್ನುತ್ತದೆ, ಸ್ಪೀಕರಿನಲ್ಲೂ ಅದೇ ಕೇಳುತ್ತದೆ. ಸೈನ್ ವೇವ್ ಇನ್ವರ್ಟರ್ ಇಲ್ಲದಿದ್ದರೆ, ಕರೆಂಟ್ ಹೋದಾಗ ಆಂಪಿನ ಸ್ವಿಚ್ ಆರಿಸಿಬಿಡಿ. ಮರಳಿ ಬಂದ ಕೂಡಲೇ ಹಚ್ಚದೆ ಲೈನ್ ನಿಲ್ಲುವವರೆಗೆ ಐದು ನಿಮಿಷ ತಾಳಿ.

ಪ್ರಶ್ನೆ: ಸರ್‌ಗೆ ನಮಸ್ಕಾರ. ನಮ್ಮ ಮಗ ಪಿಯುಸಿ ಓದ್ತಾನ. ರಾತ್ರಿ ಹತ್ತರ ಮ್ಯಾಲ ಆ ಗಿಟಾರ್ ಹಚ್ಚತಾನ. ಬ್ಯಾಡ ಅನ್ಲಿಕ್ಕ ಮನಸ್ಸಾಗಲ್ಲ, ಅಷ್ಟು ಜೀವಾ ಇಟ್ಟಾನ. ನಮ್ಮ ಮಾವನವರು ಇದು ಸಂಗೀತಾನೇ ಅಲ್ಲ, ಗದ್ದಲ ಅಂತಾರ. ಮ್ಯಾಲಿನ ಮನಿಯವರದೂ ಬೈಗುಳ. ಖೋಲಿಗೆ ಏನಾರ ಹಚ್ಚಿದ್ರ ಸದ್ದು ಹೊರಗ ಹೋಗಲ್ಲ ಅಂತಾರ, ಖರೇನಾ?
— ಗೃಹಿಣಿ, ಬಸವಕಲ್ಯಾಣ

ಉತ್ತರ: ತಾಯಿ, ಸಮಯದ ಮಾತು ಮೊದಲು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಹತ್ತರ ನಂತರ ಸ್ಪೀಕರ್ ಬೇಡವೇ ಬೇಡ, ಹೆಡ್‌ಫೋನು ಅಥವಾ ವಿದ್ಯುತ್ ಇಲ್ಲದೆ ಬರೀ ತಂತಿಯ ಮೇಲೆ ಬೆರಳಿನ ಅಭ್ಯಾಸ. ಸಂಜೆ ಒಂದು ಗಂಟೆ ನಿಗದಿ ಮಾಡಿ, ಮೇಲಿನ ಮನೆಯವರಿಗೆ ನೀವೇ ಹೋಗಿ ಆ ಹೊತ್ತು ತಿಳಿಸಿ. ಯಾವಾಗ ನಿಲ್ಲುತ್ತದೆಂದು ಗೊತ್ತಿರುವ ಸದ್ದನ್ನು ಜನ ಸಹಿಸುತ್ತಾರೆ.

ಗೋಡೆಗೆ ಥರ್ಮಾಕೋಲ್, ಮೊಟ್ಟೆಯ ಟ್ರೇ ಅಂಟಿಸುವವರ ಮಾತು ಕೇಳಬೇಡಿ. ಹಗುರವಾದ ವಸ್ತು ಸದ್ದನ್ನು ತಡೆಯುವುದಿಲ್ಲ, ತಡೆಯುವುದು ತೂಕ. ನಿಮ್ಮದು ಹಳೆಯ ಕಲ್ಲಿನ ಗೋಡೆಯಾದರೆ ಅದು ತಾನೇ ತಡೆಯುತ್ತದೆ. ಸೋರುವುದು ಕಿಟಕಿ, ಬಾಗಿಲ ಸಂದು ಮತ್ತು ಚಾವಣಿಯಿಂದ. ಬಾಗಿಲ ಅಡಿಗೆ ರಬ್ಬರ್ ಪಟ್ಟಿ ಹಾಕಿಸಿ. ಆಂಪನ್ನು ನೆಲದಿಂದ, ಮೂಲೆಯಿಂದ ತೆಗೆಸಿ, ಅಲ್ಲಿ ಮಂದ್ರ ಉಬ್ಬುತ್ತದೆ. ನಾಲ್ಕು ಮಡಿಕೆಯ ದಪ್ಪ ಕೌದಿ ಹಾಸಿದ ಗಟ್ಟಿ ಸ್ಟೂಲಿನ ಮೇಲೆ, ಬಾರಿಸುವವನ ಕಿವಿಗೆ ನೇರವಾಗಿ ಇಡಿಸಿ. ಗಿಟಾರ್ ಸ್ಪೀಕರಿನ ತೀಕ್ಷ್ಣ ಸ್ವರಗಳು ಟಾರ್ಚಿನ ಬೆಳಕಿನ ಹಾಗೆ ನೇರಕ್ಕೇ ಹೋಗುತ್ತವೆ. ಮೊಣಕಾಲಿಗೆ ಬಡಿಯುತ್ತಿದ್ದರೆ ಹುಡುಗನಿಗೆ ಕೇಳಿಸದೆ ಅವನು ಇನ್ನಷ್ಟು ಏರಿಸುತ್ತಾನೆ. ಹೆಚ್ಚಿನ ಜಗಳ ಇಲ್ಲಿಂದಲೇ ಶುರು. ಬರಿಗೋಡೆಯ ಮೇಲೂ ಒಂದೆರಡು ಕೌದಿ ತೂಗುಹಾಕಿದರೆ ಕೋಣೆಯ ಮಾರ್ದನಿ ತಗ್ಗಿ ಕಡಿಮೆ ಸದ್ದಿನಲ್ಲೂ ನಾದ ಸ್ಪಷ್ಟವಾಗುತ್ತದೆ.

ಅವನ ಕಿವಿಯ ಬಗ್ಗೆ ನನಗೆ ನಿಜಕ್ಕೂ ಕಾಳಜಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಎನ್ನುತ್ತದೆ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಸಮಯ ಅರ್ಧವಾಗುತ್ತದೆ. 100ಕ್ಕೆ ಬರುವಾಗ ಉಳಿಯುವುದು 15 ನಿಮಿಷ. ಆ ಸಣ್ಣ ಖೋಲಿಯಲ್ಲಿ 100 ತಲುಪಲು ಒಂದೇ ವ್ಯಾಟ್ ಸಾಕು. ಹೆಡ್‌ಫೋನಿಗೂ ಇದೇ ಲೆಕ್ಕ.

ಮಾವನವರಿಗೆ ಹೇಳಿ: ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಗೀತಕ್ಕೂ ವಾದ್ಯಕ್ಕೂ ಬೇರೆ ಬೇರೆ ಭಾಗಗಳನ್ನೇ ಇಟ್ಟ. ಅವನ ಮಗ ಜಗದೇಕಮಲ್ಲ 'ಸಂಗೀತಚೂಡಾಮಣಿ' ಬರೆದ. ತಂತಿವಾದ್ಯ ಈ ಊರಿಗೆ ಹೊಸದಲ್ಲ. ಸಂಜೆಯ ಆ ಒಂದು ಗಂಟೆಯಲ್ಲಿ ಹುಡುಗ ಅವರಿಗೆ ಗೊತ್ತಿರುವ ಒಂದು ವಚನದ ಧಾಟಿಯನ್ನು ಮೆಲ್ಲನೆ ನುಡಿಸಿ ಕೇಳಿಸಲಿ.

ಪ್ರಶ್ನೆ: 50 ವ್ಯಾಟಿಂದು ಮಾರಿ 5 ವ್ಯಾಟಿಂದು ತಗೊಂಡ್ರ ಈ ಎಲ್ಲ ತ್ರಾಸು ತಪ್ಪತದಲ್ರಿ?
— ಓದುಗ, ಬಸವಕಲ್ಯಾಣ

ಉತ್ತರ: ಪೂರ್ತಿ ತಪ್ಪುವುದಿಲ್ಲ. ಎರಡಕ್ಕೂ ವ್ಯತ್ಯಾಸ 10 ಡೆಸಿಬೆಲ್. 5 ವ್ಯಾಟಿನ ಆಂಪನ್ನು ಪೂರಾ ಏರಿಸಿದರೂ ಓಣಿ ಎದ್ದು ಕೂರುತ್ತದೆ. ಆದರೂ ಸ್ಟೇಜಿನ ಕೆಲಸ ಇಲ್ಲದವರಿಗೆ ಸಣ್ಣದೇ ವಾಸಿ. ತೂಕ ಕಡಿಮೆ, ಪವರ್ ವಾಲ್ವ್ ಒಂದೇ ಇರುವುದರಿಂದ ಬದಲಿಸುವ ಖರ್ಚೂ ಕಡಿಮೆ. ಕೊಳ್ಳುವಾಗ ವ್ಯಾಟ್ ನೋಡುವುದಕ್ಕಿಂತ ಮಾಸ್ಟರ್ ವಾಲ್ಯೂಮ್ ಇದೆಯೋ, ಹೆಡ್‌ಫೋನ್ ಸೌಕರ್ಯ ಇದೆಯೋ ನೋಡಿ. ಇರುವ ಆಂಪನ್ನೇ ಪಳಗಿಸಬೇಕೆಂದರೆ, ಮೊದಲ ಸಣ್ಣ ವಾಲ್ವ್ 12ಎಎಕ್ಸ್7 ತೆಗೆದು ಅದೇ ಜಾಗಕ್ಕೆ 12ಎಟಿ7 ಅಥವಾ 12ಎವೈ7 ಹಾಕಿ ನೋಡಿ. ಮೊದಲಿನದು ಸಿಗ್ನಲನ್ನು ಹಿಗ್ಗಿಸುವ ಅಂಶ 100, ಇವುಗಳದು ಸುಮಾರು 60 ಮತ್ತು 45. ನಾಬ್ ಒಂದರಿಂದ ಎರಡಕ್ಕೆ ಹೋಗುವಾಗ ಮೊದಲಿನಷ್ಟು ಹಾರುವುದಿಲ್ಲ, ಒರಟುತನ ಮಾತ್ರ ಸ್ವಲ್ಪ ತಗ್ಗುತ್ತದೆ. ಸ್ವಿಚ್ ಆರಿಸಿ, ಗಾಜು ತಣಿದ ಮೇಲೆ, ನೇರಕ್ಕೆ ಮೆಲ್ಲನೆ ಎಳೆದು ತೆಗೆಯಿರಿ. ಪಿನ್ ಬಗ್ಗಿಸಬೇಡಿ.